ಟೈರು ಮೊದಲು, ಎತ್ತರ ಆಮೇಲೆ

ಪಿಕಪ್ ಟ್ರಕ್ಕನ್ನು ಎತ್ತರಿಸಿದ ಮೇಲೆ ಅದಕ್ಕೆ ಎಷ್ಟು ದೊಡ್ಡ ಟೈರು ಹಾಕಬಹುದು? ಅಮೆರಿಕದ ಟೈರಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಇದು. ಫೋರ್ಡ್ ಎಫ್-150, ಷೆವರ್ಲೆ ಸಿಲ್ವೆರಾಡೊ, ರ‍್ಯಾಮ್, ಟೊಯೊಟಾ ಟಕೋಮಾ ಮುಂತಾದ ಗಾಡಿಗಳು ಅಲ್ಲಿ ಹೊಲಕ್ಕೂ ಹೋಗುತ್ತವೆ, ಆಫೀಸಿಗೂ ಹೋಗುತ್ತವೆ, ವಾರದ ಕೊನೆಗೆ ಕಾಡಿನ ದಾರಿಯನ್ನೂ ಹಿಡಿಯುತ್ತವೆ. ಕೊಂಡ ಗಾಡಿಯನ್ನು ಕೊಂಡ ಹಾಗೇ ಇಟ್ಟುಕೊಳ್ಳದೆ ತಮ್ಮ ಕೆಲಸಕ್ಕೆ, ತಮ್ಮ ಅಭಿರುಚಿಗೆ ಹೊಂದಿಸಿಕೊಳ್ಳುವುದು ಅಲ್ಲಿನ ಹಳೆಯ ರೂಢಿ. ಸೇಂಟ್ ಲೂಯಿಸ್ ಸೀಮೆಯ ಬಾಬ್ ಚಾಂಡ್ಲರ್ ತಮ್ಮ 1974ರ ಎಫ್-250ಕ್ಕೆ ದೊಡ್ಡ ಚಕ್ರ ಜೋಡಿಸುತ್ತಾ ಹೋಗಿ, 1980ರ ದಶಕದ ಆರಂಭಕ್ಕೆ 66 ಇಂಚಿನ ಟೈರುಗಳ ಮೇಲೆ ನಿಲ್ಲಿಸಿದ 'ಬಿಗ್‌ಫುಟ್' ಈ ಒಲವಿಗೆ ದೇಶವ್ಯಾಪಿ ಮೆರುಗು ತಂದಿತು.

ಆದರೆ ಪ್ರಶ್ನೆಯನ್ನು ಕೇಳುವ ಕ್ರಮದಲ್ಲೇ ತೊಡಕಿದೆ. ಬಹಳಷ್ಟು ಜನ ಮೊದಲು ಲಿಫ್ಟ್ ಕಿಟ್ ಹಾಕಿಸುತ್ತಾರೆ. ಆಮೇಲೆ ಮಡ್‌ಗಾರ್ಡಿನ ಕೆಳಗೆ ಉಳಿದ ಖಾಲಿ ಜಾಗ ತುಂಬಲು ಟೈರು ಹುಡುಕುತ್ತಾರೆ. ಗಾಡಿ ಯಾವ ದಾರಿಯಲ್ಲಿ ಓಡುತ್ತದೆ, ಎಷ್ಟು ಭಾರ ಹೊರುತ್ತದೆ ಎಂಬುದರಿಂದ ಟೈರು ಗೊತ್ತಾಗಬೇಕು. ಆ ಟೈರು ತಾಗದೆ ತಿರುಗಲು ಎಷ್ಟು ಬೇಕೋ ಅಷ್ಟೇ ಎತ್ತರ ಸಾಕು. ಈ ಕ್ರಮವನ್ನು ತಿರುವುಮುರುವು ಮಾಡಿದವರು ದುಡ್ಡನ್ನೂ ಕಳೆದುಕೊಳ್ಳುತ್ತಾರೆ, ಸುರಕ್ಷತೆಯನ್ನೂ ಕಳೆದುಕೊಳ್ಳುತ್ತಾರೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಲಿಫ್ಟ್ ಕೊಡುವುದೇನು, ಟೈರು ಕೊಡುವುದೇನು

ಎತ್ತರಿಸುವ ವಿಧಾನಗಳು ಮುಖ್ಯವಾಗಿ ಮೂರು. ಕಾರ್ಖಾನೆಯಿಂದ ಬರುವಾಗ ಪಿಕಪ್‌ನ ಮೂತಿ ಹಿಂಭಾಗಕ್ಕಿಂತ ತುಸು ತಗ್ಗಾಗಿರುತ್ತದೆ. ಮುಂದಿನ ಸ್ಪ್ರಿಂಗಿನ ಮೇಲೆ ಸ್ಪೇಸರ್ ಕೂರಿಸಿ ಒಂದೂವರೆ ಎರಡು ಇಂಚು ಏರಿಸಿದರೆ ಎರಡೂ ಸಮವಾಗುತ್ತವೆ. ಇದು ಲೆವೆಲಿಂಗ್ ಕಿಟ್. ಚಾಸಿಗೂ ಬಾಡಿಗೂ ನಡುವೆ ದಿಮ್ಮೆ ಇಟ್ಟು ಬಾಡಿಯನ್ನಷ್ಟೇ ಮೇಲೆತ್ತುವುದು ಬಾಡಿ ಲಿಫ್ಟ್. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಕಂಟ್ರೋಲ್ ಆರ್ಮ್‌ಗಳನ್ನೇ ಬದಲಿಸಿ ಚಾಸಿ ಸಮೇತ ನಾಲ್ಕರಿಂದ ಆರು ಇಂಚು ಏರಿಸುವುದು ಸಸ್ಪೆನ್ಶನ್ ಲಿಫ್ಟ್.

ಈ ಮೂರರಲ್ಲಿ ಯಾವುದೂ ಹಿಂದಿನ ಆಕ್ಸಲನ್ನು ಒಂದು ಕೂದಲೆಳೆಯಷ್ಟೂ ನೆಲದಿಂದ ಮೇಲೆತ್ತುವುದಿಲ್ಲ. ಪಿಕಪ್‌ನ ಹಿಂದಿನ ಡಿಫರೆನ್ಷಿಯಲ್ ಗುಂಡು ಸಾಮಾನ್ಯವಾಗಿ ಆಕ್ಸಲ್‌ನಲ್ಲೇ ಸೇರಿರುತ್ತದೆ. ಆಕ್ಸಲ್ ಚಕ್ರದ ನಡುವೆ ಇರುತ್ತದೆ. ಹಾಗಾಗಿ ಕಲ್ಲುದಾರಿಯಲ್ಲಿ ಮೊದಲು ತಾಗುವ ಈ ಭಾಗವನ್ನು ಮೇಲೆತ್ತಬಲ್ಲದ್ದು ದೊಡ್ಡ ಟೈರೊಂದೇ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು ಮಾತ್ರ. ಟೈರು ಎರಡು ಇಂಚು ದೊಡ್ಡದಾದರೆ ಆಕ್ಸಲ್ ಏರುವುದು ಒಂದು ಇಂಚು. ಆರು ಇಂಚಿನ ಲಿಫ್ಟ್ ಹಾಕಿ ಹಳೆಯ ಟೈರನ್ನೇ ಉಳಿಸಿಕೊಂಡ ಗಾಡಿಯ ಬಂಪರು, ಚಾಸಿ ಮೇಲೇರುತ್ತವೆ. ಹಿಂದಿನ ಗುಂಡು ಮಾತ್ರ ಮೊದಲಿದ್ದ ಕಲ್ಲಿಗೇ ಬಡಿಯುತ್ತದೆ.

ಲಿಫ್ಟ್ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ದಿಣ್ಣೆ ಏರುವಾಗ, ಇಳಿಯುವಾಗ ಬಂಪರು ನೆಲಕ್ಕೆ ತಾಗದಂತೆ ಅದು ಕಾಯುತ್ತದೆ. ಚಕ್ರ ಪೂರ್ತಿ ತಿರುಗಿದಾಗಲೂ ಸ್ಪ್ರಿಂಗು ಪೂರ್ತಿ ಕುಸಿದಾಗಲೂ ಟೈರು ಓಡಾಡಲು ಜಾಗ ಕೊಡುತ್ತದೆ. ಟೈರಿಗೆ ಜಾಗ ಮಾಡಿಕೊಡುವುದೇ ಅದರ ಮುಖ್ಯ ಕೆಲಸವಾದ್ದರಿಂದ, ಯಾವ ಟೈರು ಎಂದು ಗೊತ್ತಾಗದೆ ಲಿಫ್ಟಿನ ಅಳತೆ ಗೊತ್ತಾಗಲು ಸಾಧ್ಯವಿಲ್ಲ.

ಅಳತೆಯ ಲೆಕ್ಕ

ಎಫ್-150ರ ಹಲವು ಮಾದರಿಗಳು 265/70 ಆರ್ 17 ಟೈರಿನೊಂದಿಗೆ ಬಂದಿವೆ. ಅಗಲ 265 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ ಶೇ. 70, ರಿಮ್ಮು 17 ಇಂಚು. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು 31.6 ಇಂಚು. ಇದರ ಮುಂದಿನ ಮೆಟ್ಟಿಲು 285/70 ಆರ್ 17, ವ್ಯಾಸ 32.7 ಇಂಚು, ಮಾರುಕಟ್ಟೆಯಲ್ಲಿ ಇದನ್ನು '33' ಎಂದೇ ಕರೆಯುತ್ತಾರೆ. ಅದಕ್ಕೂ ಮೇಲಿನದು 35×12.50 ಆರ್ 17. ಇಲ್ಲಿ ಬರೆಯುವ ಕ್ರಮ ಬೇರೆ: ಮೊದಲು ವ್ಯಾಸ, ಆಮೇಲೆ ಅಗಲ, ಎರಡೂ ಇಂಚಿನಲ್ಲಿ.

31.6ರಿಂದ 33ರ ವರ್ಗಕ್ಕೆ ಹೋದರೆ ಆಕ್ಸಲ್ ಸುಮಾರು 14 ಮಿಲಿಮೀಟರ್ ಏರುತ್ತದೆ. 35ಕ್ಕೆ ಹೋದರೆ ಸುಮಾರು 43 ಮಿಲಿಮೀಟರ್. ಕಾಡಿನ ಕಚ್ಚಾ ರಸ್ತೆಗೆ, ಹಿಮ ಬಿದ್ದ ಬೆಟ್ಟದ ದಾರಿಗೆ ಮೊದಲನೆಯದು ಧಾರಾಳ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ರೂಬಿಕಾನ್ ಜಾಡಿನಂಥ ಬಂಡೆಗಳ ರಾಶಿಯ ಮೇಲೆ ಹತ್ತಬೇಕಾದವರಿಗೆ ಎರಡನೆಯದಕ್ಕೆ ಅರ್ಥವಿದೆ.

ಎತ್ತರದಷ್ಟೇ ಗಮನ ಬೇಡುವುದು ಅಗಲ. ದೊಡ್ಡ ಟೈರೆಂದರೆ ಅಗಲದ ಟೈರು ಎಂದು ಬಹುಜನ ನಂಬಿದ್ದಾರೆ. ಸಡಿಲ ಮರಳಿನಲ್ಲಿ, ಆಳ ಹಿಮದಲ್ಲಿ ತೇಲಬೇಕಾದಾಗ ಅಗಲ ನೆರವಾಗುವುದು ನಿಜ. ತೆಳು ಹಿಮ, ನೀರು, ಮೇಲ್ಪದರದ ಕೆಸರು ಇರುವ ದಾರಿಯಲ್ಲಿ ಕಿರಿದಾದ ಟೈರು ಪದರವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. 255/80 ಆರ್ 17 ಎಂಬ ಅಳತೆ ಇದಕ್ಕೆ ಒಳ್ಳೆಯ ಉದಾಹರಣೆ: ವ್ಯಾಸ ಸುಮಾರು 33 ಇಂಚು, ಅಗಲ ಮಾತ್ರ ಎಫ್-150ರ ಆ ಮೂಲ ಟೈರಿಗಿಂತಲೂ ಕಡಿಮೆ. ಇಂಥ ಟೈರು ಮಡ್‌ಗಾರ್ಡಿಗೆ ತಾಗುವ ಸಂಭವ ಕಡಿಮೆ, ಗಾಳಿಯ ಎದುರೊತ್ತು ಕಡಿಮೆ, ಸ್ಟೀರಿಂಗೂ ಹಗುರ. ದೂರ ಪ್ರಯಾಣದ ಸಾಹಸಿಗಳು ಇದನ್ನು ಮೆಚ್ಚುವುದು ಇದಕ್ಕಾಗಿ.

ರಿಮ್ಮಿನ ಆಫ್‌ಸೆಟ್ ಕೂಡ ಇದೇ ಲೆಕ್ಕಕ್ಕೆ ಸೇರಬೇಕು. ಚಕ್ರವನ್ನು ಹೊರಕ್ಕೆ ತಳ್ಳುವ ರಿಮ್ಮು ನೋಟಕ್ಕೆ ಚೆನ್ನಾಗಿ ಕಂಡೀತು. ಆದರೆ ಹೊರಚಾಚಿದ ಟೈರು ತಿರುಗುವಾಗ ದೊಡ್ಡ ಕಮಾನಿನಲ್ಲಿ ಬೀಸಿ ಮಡ್‌ಗಾರ್ಡಿನ ಹಿಂಬದಿಗೆ, ಕ್ಯಾಬಿನ್ನು ಚಾಸಿಗೆ ಕೂಡುವ ಬ್ರಾಕೆಟ್ಟಿಗೆ ಉಜ್ಜುತ್ತದೆ. ಟಕೋಮಾಗೆ ದೊಡ್ಡ ಟೈರು ಹಾಕುವವರು ಆ ಬ್ರಾಕೆಟ್ಟನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸುವುದು ಸಾಮಾನ್ಯವಾಗಿಬಿಟ್ಟಿದೆ. ವೀಲ್ ಬೇರಿಂಗ್, ಬಾಲ್ ಜಾಯಿಂಟ್‌ಗಳ ಮೇಲೂ ಹೊರೆ ಹೆಚ್ಚುತ್ತದೆ. ಕಾರ್ಖಾನೆಯ ಆಫ್‌ಸೆಟ್‌ಗೆ ಹತ್ತಿರವಿರುವ ರಿಮ್ಮೇ ಬಾಳಿಕೆಗೆ ಒಳ್ಳೆಯದು.

ಯಾವ ಬಗೆಯ ಬಟನ್?

ನೆಲ ಕಚ್ಚುವ ಬಟನ್‌ಗಳ ವಿನ್ಯಾಸದ ಪ್ರಕಾರ ಈ ಟೈರುಗಳು ಮೂರು ನಾಲ್ಕು ವರ್ಗಕ್ಕೆ ಸೇರುತ್ತವೆ. ಹೈವೇ ಟೆರೇನ್ ಡಾಂಬರಿಗೆ. ಆಲ್ ಟೆರೇನ್ ಡಾಂಬರು, ಜಲ್ಲಿ, ಮಣ್ಣು, ಹಿಮ ಎಲ್ಲಕ್ಕೂ ನಡುವಿನ ದಾರಿ. ಮಡ್ ಟೆರೇನ್ ದಪ್ಪ ಬಟನ್‌ಗಳದು. ಅವುಗಳ ನಡುವಿನ ಅಗಲ ಸಂದುಗಳು ಚಕ್ರ ತಿರುಗಿದಂತೆ ಕೆಸರನ್ನು ಹೊರಕ್ಕೆ ಎಸೆಯುತ್ತವೆ. ಆಲ್ ಟೆರೇನ್‌ಗೂ ಮಡ್ ಟೆರೇನ್‌ಗೂ ನಡುವೆ ಈಚೆಗೆ ಬಂದದ್ದು ರಗ್ಗಡ್ ಟೆರೇನ್.

ಬಿ.ಎಫ್. ಗುಡ್ರಿಚ್ ಕಂಪನಿ 1976ರಲ್ಲಿ ತಂದ ಆಲ್-ಟೆರೇನ್ ಟಿ/ಎ ರೇಡಿಯಲ್ ಈ ಇಡೀ ವರ್ಗಕ್ಕೆ ಮಾದರಿಯಾಯಿತು. ಮೆಕ್ಸಿಕೊದ ಬಾಹಾ ಮರುಭೂಮಿಯ ರೇಸುಗಳಲ್ಲಿ ಪಳಗಿದ ಈ ವಿನ್ಯಾಸ, ಕಾಡಿಗೆ ಹೋದ ಟೈರಿನಲ್ಲೇ ಮನೆಗೂ ಆರಾಮವಾಗಿ ಮರಳಬಹುದು ಎಂಬುದನ್ನು ತೋರಿಸಿಕೊಟ್ಟಿತು. ಇಂದಿಗೂ ಬಹುಪಾಲು ಪಿಕಪ್ ಮಾಲೀಕರಿಗೆ ಒಪ್ಪುವ ವರ್ಗ ಇದೇ.

ಮಡ್ ಟೆರೇನ್ ಟೈರಿನ ನೋಟಕ್ಕೆ ಮರುಳಾಗುವವರು ಅದರ ಬೆಲೆಯನ್ನು ರಸ್ತೆಯ ಮೇಲೆ ತೆರುತ್ತಾರೆ. ಸಂದು ಹೆಚ್ಚಿದ್ದಷ್ಟೂ ಡಾಂಬರಿಗೆ ತಾಗುವ ರಬ್ಬರು ಕಡಿಮೆ. ಮಳೆಯಲ್ಲಿ ಬ್ರೇಕು ಹಿಡಿದಾಗ, ಮಂಜುಗಡ್ಡೆಯ ಮೇಲೆ ತಿರುವು ತೆಗೆದುಕೊಳ್ಳುವಾಗ ಈ ಕೊರತೆ ಗೊತ್ತಾಗುತ್ತದೆ. ಸದ್ದು ಜಾಸ್ತಿ, ಸವೆತವೂ ಬೇಗ. ಹಿಮ ಬೀಳುವ ರಾಜ್ಯಗಳಲ್ಲಿರುವವರು ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತನ್ನು ಹುಡುಕಬೇಕು. ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ಪಾಸಾದ ಟೈರಿಗಷ್ಟೇ ಆ ಗುರುತು ಸಿಗುತ್ತದೆ. 'ಎಂ+ಎಸ್' ಎಂಬ ಅಕ್ಷರಗಳಿಗೆ ಅಂಥ ಪರೀಕ್ಷೆಯ ಬೆಂಬಲವಿಲ್ಲ.

ಭಾರ, ಗಾಳಿ, ಬಿಸಿ

ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದದ್ದೂ ಅತ್ಯಂತ ಕಡಿಮೆ ಚರ್ಚೆಯಾಗುವುದೂ ಈ ಭಾಗ. ಕಾರಿನ ವರ್ಗದ ಪಿ-ಮೆಟ್ರಿಕ್ ಟೈರಿಗೂ ಲಘು ಟ್ರಕ್ಕಿನ ಎಲ್‌ಟಿ ಟೈರಿಗೂ ಒಳಗಟ್ಟಿನಲ್ಲೇ ವ್ಯತ್ಯಾಸವಿದೆ. ಎಲ್‌ಟಿ ಟೈರುಗಳಿಗೆ ಲೋಡ್ ರೇಂಜ್ ಸಿ, ಡಿ, ಇ ಎಂಬ ದರ್ಜೆಗಳಿದ್ದು, ಸಾಮಾನ್ಯವಾಗಿ ಅವುಗಳ ಗಾಳಿಯ ಮಿತಿ ಕ್ರಮವಾಗಿ 50, 65, 80 ಪಿಎಸ್‌ಐ. 285/70 ಆರ್ 17 ಅಳತೆಯ ಇ ದರ್ಜೆಯ ಟೈರು 121ರ ಲೋಡ್ ಇಂಡೆಕ್ಸ್‌ನಲ್ಲಿ, ಪೂರ್ತಿ ಗಾಳಿಯಲ್ಲಿ, 1450 ಕಿಲೋ ಹೊರಬಲ್ಲದು. ಪಿ-ಮೆಟ್ರಿಕ್ ಟೈರನ್ನು ಪಿಕಪ್‌ಗೆ ಹಾಕಿದಾಗ ಅದರ ಮೇಲೆ ಬರೆದ ಭಾರವನ್ನು 1.10ರಿಂದ ಭಾಗಿಸಿ ಬಂದದ್ದನ್ನೇ ಅದರ ನಿಜ ಸಾಮರ್ಥ್ಯವೆಂದು ತಿಳಿಯಬೇಕು.

ಎಲ್‌ಟಿ ಟೈರಿಗೆ ಬದಲಾಯಿಸಿದವರು ಬಾಗಿಲ ಕಂಬದ ಚೀಟಿಯಲ್ಲಿ ಬರೆದ 35 ಪಿಎಸ್‌ಐಯನ್ನೇ ಮುಂದುವರಿಸಿದರೆ ಗಾಳಿ ಕಡಿಮೆಯಾಗುತ್ತದೆ. ಅಷ್ಟೇ ಭಾರ ಹೊರಲು ಎಲ್‌ಟಿ ಟೈರಿಗೆ ಹೆಚ್ಚು ಗಾಳಿ ಬೇಕು; ಎಷ್ಟು ಎಂಬುದನ್ನು ಟೈರು ಕಂಪನಿಯ ಭಾರ-ಗಾಳಿಯ ಪಟ್ಟಿ ನೋಡಿಯೇ ತಿಳಿಯಬೇಕು. ಹಾಗೆಂದು ಖಾಲಿ ಗಾಡಿಗೆ 80 ತುಂಬಿದರೆ ನಡುಭಾಗ ಮಾತ್ರ ನೆಲಕ್ಕೆ ತಾಗಿ ಬೇಗ ಸವೆಯುತ್ತದೆ, ಸವಾರಿ ಕಲ್ಲಿನಂತಾಗುತ್ತದೆ. ಇನ್ನೊಂದು ತಪ್ಪು ಕಲ್ಪನೆಯೂ ಇಲ್ಲಿದೆ. ಇ ದರ್ಜೆಯ ಟೈರು ಹಾಕಿದರೆ ಗಾಡಿ ಹೊರಬಲ್ಲ ಭಾರ ಹೆಚ್ಚುತ್ತದೆ ಎಂದು ತಿಳಿದವರಿದ್ದಾರೆ. ಅದನ್ನು ನಿರ್ಧರಿಸುವವು ಚಾಸಿ, ಆಕ್ಸಲ್, ಸ್ಪ್ರಿಂಗು, ಬ್ರೇಕು ಎಲ್ಲವೂ ಸೇರಿ. ಲಿಫ್ಟ್ ಕಿಟ್ಟಿನ ತೂಕ, ಭಾರೀ ಟೈರುಗಳ ತೂಕ ಸೇರಿದ ಮೇಲೆ ಸಾಮಾನು ಹೇರಲು ಉಳಿಯುವುದು ಮೊದಲಿಗಿಂತ ಕಡಿಮೆಯೇ.

ಗಾಳಿಯ ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದನ್ನು ಅಮೆರಿಕ ದೊಡ್ಡ ಬೆಲೆ ತೆತ್ತು ಕಲಿತಿದೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಮೇಲಿನ ಪದರ ಕಿತ್ತುಬಂದು ಗಾಡಿಗಳು ಮಗುಚಿದ ಅಪಘಾತಗಳಲ್ಲಿ 271 ಸಾವುಗಳನ್ನು ಸರ್ಕಾರಿ ಸುರಕ್ಷತಾ ಸಂಸ್ಥೆ ಲೆಕ್ಕಹಾಕಿತು. ಆ ಗಾಡಿಗೆ ಫೋರ್ಡ್ ಸೂಚಿಸಿದ್ದ ಗಾಳಿ 26 ಪಿಎಸ್‌ಐ. ಟೈರಿನ ದೋಷದ ಜೊತೆಗೆ ಕಡಿಮೆ ಗಾಳಿ, ಬೇಸಿಗೆಯ ಕಾವು, ಹೇರಿದ ಭಾರ, ಹೆದ್ದಾರಿಯ ವೇಗ ಒಟ್ಟುಗೂಡಿದ್ದು ಆ ದುರಂತದ ಕುರಿತ ಚರ್ಚೆಯ ಉದ್ದಕ್ಕೂ ಮುನ್ನೆಲೆಯಲ್ಲಿತ್ತು. ಅದೇ ವರ್ಷ ಬಂದ ಟ್ರೆಡ್ ಕಾಯ್ದೆಯ ಫಲವಾಗಿಯೇ ಇಂದು ಅಲ್ಲಿನ ಹೊಸ ಗಾಡಿಗಳಲ್ಲೆಲ್ಲ ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪವಿದೆ. ಅಳತೆ ಬದಲಿಸುವಾಗ ಆ ಸೆನ್ಸರುಗಳನ್ನು ಹೊಸ ರಿಮ್ಮಿಗೆ ಕೂರಿಸದೆ ಬಿಡುವುದು ಆ ಪಾಠವನ್ನು ಮರೆತಂತೆ.

ಮರಳಿನಲ್ಲಿ, ಬಂಡೆಯ ಮೇಲೆ ಗಾಳಿ ಇಳಿಸುವುದು ಬೇರೆ ಮಾತು. 15ರಿಂದ 20 ಪಿಎಸ್‌ಐಗೆ ಇಳಿಸಿದಾಗ ಟೈರು ನೆಲಕ್ಕೆ ತಾಗುವ ಪಟ್ಟಿ ಉದ್ದವಾಗಿ ಹಿಡಿತ ಗಣನೀಯವಾಗಿ ಹೆಚ್ಚುತ್ತದೆ. ದೊಡ್ಡ ಟೈರು ಕೊಳ್ಳುವ ಮೊದಲು ಒಂದು ಗೇಜು, ಒಂದು ಕಂಪ್ರೆಸರ್ ಕೊಂಡು ಇದನ್ನು ಮಾಡಿ ನೋಡಿದರೆ ಎಷ್ಟೋ ಜನರಿಗೆ ದೊಡ್ಡ ಟೈರೇ ಬೇಡವಾಗಬಹುದು. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಿಸುವುದನ್ನು ಮಾತ್ರ ಮರೆಯಬಾರದು.

ಐಸ್‌ಲ್ಯಾಂಡಿನ ಆರ್ಕ್‌ಟಿಕ್ ಟ್ರಕ್ಸ್ ಸಂಸ್ಥೆ ಇದೇ ತತ್ವವನ್ನು ಕೊನೆಯವರೆಗೆ ಒಯ್ದಿದೆ. ಅವರು ಹಿಲಕ್ಸ್ ಗಾಡಿಗೆ 38 ಇಂಚಿನ ಟೈರು ಹಾಕಿ, ಆಳವಾದ ಹಿಮದಲ್ಲಿ ಗಾಳಿಯನ್ನು ಒಂದಂಕಿಗೆ ಇಳಿಸಿ, ಹಿಮದ ಮೇಲೆ ತೇಲಿಸುತ್ತಾರೆ. ಅಂಥ ಗಾಡಿ 2007ರಲ್ಲಿ ಟಾಪ್ ಗೇರ್ ಕಾರ್ಯಕ್ರಮಕ್ಕಾಗಿ ಉತ್ತರ ಧ್ರುವ ಪ್ರದೇಶದಲ್ಲಿ ಓಡಿತು. ಅಲ್ಲಿ ಟೈರಿನ ಅಳತೆಯನ್ನು ನಿರ್ಧರಿಸಿದ್ದು ನೆಲ. ಗಾಡಿಯ ಉಳಿದದ್ದೆಲ್ಲ ಆ ಟೈರಿಗೆ ತಕ್ಕಂತೆ ರೂಪುಗೊಂಡಿತು.

ಗೇರು, ಬ್ರೇಕು, ಸ್ಟೆಪ್ನಿ

ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. 31.6 ಇಂಚಿಗೆ ಹೊಂದಿಸಿದ ಸ್ಪೀಡೋಮೀಟರು 35 ಇಂಚಿನ ಟೈರಿನ ಮೇಲೆ 70 ಮೈಲಿ ತೋರಿಸುವಾಗ ಗಾಡಿ ನಿಜಕ್ಕೂ 77 ಮೈಲಿ ಮೀರಿ ಓಡುತ್ತಿರುತ್ತದೆ. 33ರಲ್ಲಿ ಈ ವ್ಯತ್ಯಾಸ ಎರಡೂವರೆ ಮೈಲಿಯಷ್ಟೇ. ಓಡಿದ ದೂರವೂ ಕಡಿಮೆ ದಾಖಲಾಗುವುದರಿಂದ, ಕಂಪ್ಯೂಟರಿನಲ್ಲಿ ಟೈರಿನ ಅಳತೆ ಸರಿಪಡಿಸದೆ ಮೈಲೇಜಿನ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಎಂಜಿನ್ನಿನ ಶಕ್ತಿ ನೆಲಕ್ಕೆ ತಲುಪುವ ಬಗೆಯೂ ಬದಲಾಗುತ್ತದೆ. ಆಕ್ಸಲ್ ಗೇರಿನ ಅನುಪಾತ 3.73 ಇದ್ದ ಗಾಡಿಗೆ 35 ಹಾಕಿದರೆ ಅದು 3.37ರಂತೆ ವರ್ತಿಸುತ್ತದೆ, ಏರಿನಲ್ಲಿ ಉಸಿರುಗಟ್ಟುತ್ತದೆ, ಟ್ರೇಲರ್ ಎಳೆಯುವಾಗ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಮೊದಲಿನ ಸ್ಥಿತಿಗೆ ತರಬೇಕಾದರೆ ಸುಮಾರು 4.13ರ ಗೇರು ಬೇಕು. ಫೋರ್ಡ್ ಕಂಪನಿ 2010ರ ಮಾದರಿಯಾಗಿ ತಂದ ರ‍್ಯಾಪ್ಟರ್‌ಗೆ 35 ಇಂಚಿನ ವರ್ಗದ ಟೈರು ಕೊಟ್ಟಾಗ ಹಾಕಿದ್ದು 4.10ರ ಗೇರು. ಜೊತೆಗೆ ಚಕ್ರಗಳ ನಡುವಿನ ಅಂತರ, ಮಡ್‌ಗಾರ್ಡು, ಸಸ್ಪೆನ್ಶನ್ ಎಲ್ಲವನ್ನೂ ಹೊಸದಾಗಿ ರೂಪಿಸಿತು. 2021ರ ರ‍್ಯಾಪ್ಟರ್‌ಗೆ 37 ಇಂಚಿನ ಆಯ್ಕೆ ಕೊಟ್ಟಾಗಲೂ ಅದಕ್ಕೆ ತಕ್ಕ ಸಿದ್ಧತೆ ನಡೆಯಿತು. ಒಂದು ಅಳತೆಯ ಟೈರು ನಿಜಕ್ಕೂ ಏನೇನು ಬೇಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಫೋರ್‌ವೀಲ್ ಗಾಡಿಯಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳ ಗೇರು ಬದಲಿಸಬೇಕಾದ್ದರಿಂದ ಖರ್ಚು ಹಲವೊಮ್ಮೆ ಟೈರುಗಳ ಬೆಲೆಯನ್ನೇ ಮೀರುತ್ತದೆ. ಹತ್ತು ಗೇರಿನ ಹೊಸ ಆಟೊಮ್ಯಾಟಿಕ್‌ಗಳಲ್ಲಿ ತೊಂದರೆ ತುಸು ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಬ್ರೇಕಿಗೂ ಇದೇ ಗಣಿತ. ಅದೇ ಪೆಡಲಿನ ಒತ್ತಡಕ್ಕೆ 35ರ ಟೈರಿನಂಚಿಗೆ ತಲುಪುವ ತಡೆಯ ಬಲ ಸುಮಾರು ಶೇ. 10ರಷ್ಟು ಕಡಿಮೆ. ಟೈರಿನ ತೂಕ ಹೆಚ್ಚಿರುವುದರಿಂದ ತಿರುಗುತ್ತಿರುವ ಚಕ್ರವನ್ನು ನಿಲ್ಲಿಸುವುದೂ ಹೆಚ್ಚು ಶ್ರಮದ ಕೆಲಸ.

ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ನಾಲ್ಕು ದೊಡ್ಡ ಟೈರು ಕೊಂಡು ಐದನೆಯದಕ್ಕೆ ಹಳೆಯ ಚಿಕ್ಕದನ್ನೇ ಉಳಿಸಿಕೊಂಡರೆ, ಪಂಕ್ಚರಾದ ದಿನ ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಡಿಫರೆನ್ಷಿಯಲ್‌ಗೆ ಪೆಟ್ಟಾಗುತ್ತದೆ. ಟ್ರಕ್ಕಿನ ಅಡಿಯಲ್ಲಿ ಸ್ಟೆಪ್ನಿ ತೂಗುವ ಜಾಗಕ್ಕೆ 35 ಹಲವು ಗಾಡಿಗಳಲ್ಲಿ ಹಿಡಿಸುವುದಿಲ್ಲ. ಐದು ಟೈರಿನ ಬೆಲೆ ಲೆಕ್ಕ ಹಾಕಿ, ಐದನ್ನೂ ಸರದಿಯ ಮೇಲೆ ಬದಲಿಸುತ್ತಾ ಸವೆಸುವುದೇ ಸರಿಯಾದ ಕ್ರಮ. ಕೊಳ್ಳುವಾಗ ಪಕ್ಕೆಯ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 3523 ಎಂದಿದ್ದರೆ ಅದು 2023ರ 35ನೆಯ ವಾರ ತಯಾರಾದದ್ದು.

ರಸ್ತೆ ಎಲ್ಲರದು

ಗಾಡಿ ಏರಿದಂತೆ ಅದರ ಗುರುತ್ವ ಕೇಂದ್ರವೂ ಏರುತ್ತದೆ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಹೆಡ್‌ಲೈಟು ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ. ಲಿಫ್ಟ್ ಆದ ದಿನವೇ ಅದನ್ನು ತಗ್ಗಿಸಿ ಹೊಂದಿಸಬೇಕು. ತಾನಾಗಿ ಬ್ರೇಕು ಹಾಕುವ ಕ್ಯಾಮೆರಾ, ರೇಡಾರುಗಳಿರುವ ಗಾಡಿಗಳಲ್ಲಿ ಅವನ್ನೂ ಮರುಹೊಂದಿಸಬೇಕು.

ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಬಾನೆಟ್ಟಿನ ಎತ್ತರ 40 ಇಂಚು ಮೀರಿದ ಗಾಡಿಗಳು ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿನ ಗಾಡಿಗಳಿಗಿಂತ ಸುಮಾರು ಶೇ. 45ರಷ್ಟು ಹೆಚ್ಚು. ದೊಡ್ಡ ಪಿಕಪ್‌ಗಳು ಕಾರ್ಖಾನೆಯಿಂದಲೇ ಅಷ್ಟು ಎತ್ತರ ಬರುತ್ತವೆ. ಅದರ ಮೇಲೆ ಇನ್ನಾರು ಇಂಚು ಸೇರಿಸಿದರೆ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದೇ ಇಲ್ಲ. ಮೂತಿಯನ್ನಷ್ಟೇ ಎತ್ತಿ ಹಿಂಭಾಗ ತಗ್ಗಿಸುವ 'ಕ್ಯಾರೊಲೈನಾ ಸ್ಕ್ವಾಟ್' ಎಂಬ ಶೈಲಿಯನ್ನು ನಾರ್ತ್ ಕ್ಯಾರೊಲೈನಾ 2021ರಲ್ಲಿ, ವರ್ಜೀನಿಯಾ 2022ರಲ್ಲಿ, ಸೌತ್ ಕ್ಯಾರೊಲೈನಾ 2023ರಲ್ಲಿ ಕಾನೂನಿನ ಮೂಲಕ ತಡೆದವು. ಬಂಪರಿನ ಎತ್ತರಕ್ಕೆ, ಟೈರು ಮಡ್‌ಗಾರ್ಡಿನಿಂದ ಹೊರಚಾಚುವುದಕ್ಕೆ ಹಲವು ರಾಜ್ಯಗಳಲ್ಲಿ ಮಿತಿಯಿದೆ. ಈ ನಿಯಮಗಳನ್ನು ಹವ್ಯಾಸಕ್ಕೆ ಅಡ್ಡಿ ಎಂದು ದೂರುವುದು ಸಲ್ಲದು. ಕಾಡಿನ ಬಂಡೆಯ ಮೇಲೆ ಅಪಾಯ ನಮ್ಮೊಬ್ಬರದು. ಊರಿನ ರಸ್ತೆಯಲ್ಲಿ ಅದು ಎದುರಿಗೆ ಬರುವವರದ್ದೂ ಹೌದು.

ನಮ್ಮ ಕಡೆಯ ಮಾತು

ಇಸುಜು ವಿ-ಕ್ರಾಸ್, ಹಿಲಕ್ಸ್‌ಗಳು ಬಂದ ಮೇಲೆ ಕರ್ನಾಟಕದಲ್ಲೂ ಪಿಕಪ್ ಮಾಲೀಕರು ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಆದರೆ ಇಲ್ಲಿನ ಕಾನೂನು ಬಹಳ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರ ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅಮೆರಿಕದ ಲಿಫ್ಟ್ ಕಿಟ್ಟನ್ನು ನೋಡಿ ಇಲ್ಲಿ ಅನುಕರಿಸಿದವರು ಆರ್‌ಟಿಒ ದಂಡಕ್ಕೂ, ಅಪಘಾತವಾದರೆ ವಿಮೆಯ ತಕರಾರಿಗೂ ಗುರಿಯಾಗಬಹುದು.

ಅದರಿಂದ ನಷ್ಟವೇನೂ ಇಲ್ಲ. ಕೊಡಗು, ಸಕಲೇಶಪುರದ ಕಾಫಿ ತೋಟಗಳ ಮಳೆಗಾಲದ ಕೆಂಪು ಕೆಸರಿಗೆ ಬೇಕಾದ್ದು ಹಿಡಿತ. ಕಂಪನಿ ನಿಗದಿಪಡಿಸಿದ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರು ಹಾಕಿ, ತೋಟದೊಳಗೆ ಗಾಳಿ ಇಳಿಸಿ, ಡಾಂಬರಿಗೆ ಬರುವಾಗ ತುಂಬಿಸಿಕೊಂಡರೆ ಬಹುಪಾಲು ಕೆಲಸ ಸಲೀಸಾಗಿ ಆಗುತ್ತದೆ.

ಯಾರಿಗೆ ಯಾವುದು?

ವಾರದ ಬಹುಭಾಗ ಡಾಂಬರಿನಲ್ಲಿ ಓಡುವ ಪಿಕಪ್‌ಗೆ ಕಾರ್ಖಾನೆಯ ಅಳತೆಯ ಆಲ್ ಟೆರೇನ್ ಸಾಕು, ಲಿಫ್ಟ್ ಬೇಡ. ಕಾಡುದಾರಿ, ಹಿಮ, ಜಲ್ಲಿಯ ಏರುಗಳಲ್ಲಿ ಆಗಾಗ ಹೋಗುವವರಿಗೆ 33ರ ವರ್ಗ, ಹೆಚ್ಚೆಂದರೆ ಎರಡು ಇಂಚಿನ ಲೆವೆಲಿಂಗ್. ಗೇರು ಬದಲಿಸುವ ಅಗತ್ಯ ಅಪರೂಪ. ಬಂಡೆಯ ಜಾಡುಗಳೇ ಗುರಿಯಾದವರು 35 ಆರಿಸಲಿ, ಆದರೆ ಅದರ ಬೆಲೆಗೆ ಗೇರು, ಬ್ರೇಕು, ಸ್ಟೀರಿಂಗಿನ ಭಾಗಗಳು, ಐದನೆಯ ಟೈರು ಇವೆಲ್ಲದರ ಬೆಲೆ ಸೇರಿಸಿ ಕೂಡಿಸಿದ ಮೇಲೆ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ ಅರ್ಧ ಮಾಡಿ ನಿಲ್ಲಿಸುವುದಕ್ಕಿಂತ 33ರಲ್ಲೇ ನಿಲ್ಲುವುದು ಲೇಸು. 37 ಮತ್ತು ಅದಕ್ಕೂ ಮೇಲಿನವು ಅದಕ್ಕೆಂದೇ ಕಟ್ಟಿದ ಗಾಡಿಗಳಿಗೆ.

ಕೆಲಸಕ್ಕೆ ಸಾಕಾಗುವ ಅತಿ ಚಿಕ್ಕ ಟೈರೇ ಸರಿಯಾದ ಟೈರು. ಉಳಿದ ಹಣದಲ್ಲಿ ಒಳ್ಳೆಯ ಶಾಕ್ ಅಬ್ಸಾರ್ಬರ್, ಕಂಪ್ರೆಸರ್, ಅನುಭವಿ ಚಾಲಕರಿಂದ ಒಂದೆರಡು ದಿನದ ಪಾಠ ಸಿಗುತ್ತದೆ. ಆ ಮೂರೂ ಎರಡು ಇಂಚು ಹೆಚ್ಚಿನ ರಬ್ಬರಿಗಿಂತ ದೂರ ಕರೆದೊಯ್ಯುತ್ತವೆ, ಸುರಕ್ಷಿತವಾಗಿ ಮನೆಗೂ ಮರಳಿಸುತ್ತವೆ.